ತಲೆಯಾಡಿಸುವ ಗಾಡಿ, ಹೂಂ ಅನ್ನುವ ಅಳಿಯ

ಆ ಪಿಕಪ್ ಗಾಡಿಗೆ ಒಂದು ಚಾಳಿ ಹತ್ತಿಕೊಂಡಿತ್ತು. ಚಕ್ರ ಗುಂಡಿಗೆ ಬಿದ್ದರೆ ಸಾಕು, ಸ್ಟೀರಿಂಗ್ ‘ಬೇಡ, ಬೇಡ’ ಎಂಬಂತೆ ಗಡಗಡ ತಲೆಯಾಡಿಸುತ್ತಿತ್ತು. ಅದನ್ನು ಓಡಿಸುವವನೋ, ಹುಟ್ಟಿದಾರಭ್ಯ ಯಾರಿಗೂ ಬೇಡ ಎಂದವನಲ್ಲ. ಹೆಂಡತಿಯ ತವರಿನಲ್ಲಿ ಅವನ ಹೆಸರೇ ಹೂಂ ಅಳಿಯ.

ಅತ್ತೆ ಮಣ್ಣಿನ ಹೂಕುಂಡ ಮಾಡುವವಳು. ಅವನ್ನು ಅಂಗಡಿಗಳಿಗೆ ಸಾಗಿಸುವುದೇ ಅವನ ಗಾಡಿಯ ಕೆಲಸ, ಅವನ ಅನ್ನ. ಹೋದ ವಾರ ಒಂದು ಗುಂಡಿಯಲ್ಲಿ ಗಾಡಿ ತಲೆಯಾಡಿಸಿದ ರಭಸಕ್ಕೆ ಅರ್ಧ ಲೋಡು ಒಡೆದು ಬೋಕಿಯಾಗಿತ್ತು.

“ನಾಳೆ ದೊಡ್ಡ ಕುಂಡ ಹೋಗ್ಬೇಕು ಅಳಿಯಂದ್ರೇ,” ಅಂದಳು ಅತ್ತೆ. “ಇನ್ನೊಂದು ಒಡೆದ್ರೆ ದೊಡ್ಡ ಅಳಿಯಂದ್ರ ಗಾಡಿಗೇ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.”

“ಹೂಂ,” ಅಂದ. ಅಂದವನೇ ಗಾಡಿಯನ್ನು ಮೆಕ್ಯಾನಿಕ್ ಬಳಿಗೆ ಒಯ್ದ.

ಮೆಕ್ಯಾನಿಕ್ ಗಾಡಿಯಡಿ ನುಸುಳಿ ಕೀಲುಗಳನ್ನೆಲ್ಲ ಅಲುಗಾಡಿಸಿ ನೋಡಿದ. “ಮಿಕ್ಕಿದ್ದೆಲ್ಲ ಗಟ್ಟಿ ಇದೆ. ಸ್ಟೆಬಿಲೈಸರ್ ಸೋರಿ ಸತ್ತಿದೆ, ಹೊಸದು ತಗೊಂಬಾ.” ರಸ್ತೆಯ ಏಟು ಸ್ಟೀರಿಂಗಿಗೆ ತಲುಪುವ ಮೊದಲೇ ನುಂಗಿಕೊಳ್ಳುವ, ಮೊಳದುದ್ದದ ಕೊಳವೆ ಅದು.

ಬಿಡಿಭಾಗದ ಅಂಗಡಿಗೆ ಅತ್ತೆಯೂ ಬಂದಳು. ಕರೆಯದಿದ್ದರೂ ದೊಡ್ಡ ಅಳಿಯ, ಅಂದರೆ ಇವನ ಷಡ್ಡಕ, ಚಹಾ ಲೋಟ ಹಿಡಿದೇ ಹಾಜರಾದ. ಅಂಗಡಿಯವನು ಕೌಂಟರ್ ಮೇಲೆ ಎರಡನ್ನು ಇಟ್ಟ.

“ಕರಿದು ಎಣ್ಣೇದು, ಕೆಂಪು ಗ್ಯಾಸಿಂದು.”

“ಕೆಂಪೇ ಕೊಡಪ್ಪ,” ಅಂದ ಷಡ್ಡಕ, ಲೋಟವನ್ನು ಅಲ್ಲೇ ಇಡುತ್ತ. “ನೋಡು ತಮ್ಮಾ, ಮದುಮಗನ ಹಾಗೆ ಹೊಳೀತಿದೆ! ಒಳಗೆ ಕಸುವಿದೆ. ಕರಿದು ನಿನ್ನ ಹಾಗೇ, ತಳ್ಳಿದ ಕಡೆ ಹೋಗಿ ಕೂರುತ್ತೆ.”

ಹೂಂ ಎಂಬುದು ತುಟಿಯ ತನಕ ಬಂತು. ಆದರೆ ಭಯ ಬಿದ್ದಾಗ ಅವನ ಕೈ ಸುಮ್ಮನಿರುವುದಿಲ್ಲ. ಎರಡನ್ನೂ ಮಲಗಿಸಿ, ಹಿಡಿದುಕೊಂಡು, ಕೊಳವೆಯ ತುದಿಯಿಂದ ಚಾಚಿದ್ದ ಸರಳುಗಳನ್ನು ಒಳಕ್ಕೆ ಒತ್ತಿ ಬಿಟ್ಟ. ಕರಿದು ಬಿಟ್ಟಲ್ಲೇ ನಿಂತಿತು. ಕೆಂಪಿನ ಸರಳು ಮಾತ್ರ ತನ್ನಷ್ಟಕ್ಕೆ ಹೊರಗೆ ಬಂತು. ಬಂದು, ಎದುರಿಗಿದ್ದ ಲೋಟವನ್ನು ಮೆಲ್ಲಗೆ ಅಂಚಿಗೆ ನೂಕಿ, ಷಡ್ಡಕನ ಪ್ಯಾಂಟಿನ ಮೇಲೆ ಕೆಡವಿತು.

“ಅಯ್ಯಯ್ಯಪ್ಪೋ, ಬೆಂದೋದೆ!”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೂಂ ಅಳಿಯ ಸರಳನ್ನೇ ನೋಡುತ್ತಿದ್ದ.

“ಯಜಮಾನ್ರೇ, ಗಾಡಿಗೆ ಹಾಕಿದ ಮೇಲೂ ಇದು ಹೀಗೇ ನೂಕ್ತಿರುತ್ತಾ?”

“ಇರುತ್ತೆ. ಕೆಲವು ಗಾಡಿ ಒಂದು ಕಡೆಗೆ ಎಳೆಯುತ್ತೆ. ಹಿಡ್ಕೊಂಡು ಓಡಿಸ್ಬೇಕು.”

ಅಳಿಯ ಕರಿದರ ಸರಳನ್ನು ಮೆಲ್ಲಗೆ ಎಳೆದ, ಬಂತು. ಥಟ್ಟನೆ ಜಗ್ಗಿದ; ಜಪ್ಪಯ್ಯ ಅಂದರೂ ಬರಲಿಲ್ಲ. ಎಣಿಕೆ ತಪ್ಪಾದರೆ ಕುಂಡವೂ ಹೋಯಿತು, ಮಾನವೂ ಹೋಯಿತು.

“ಕೆಂಪು ಬೇಡ ಭಾವ.”

ಷಡ್ಡಕ ಪ್ಯಾಂಟು ಒರೆಸುವುದನ್ನು ನಿಲ್ಲಿಸಿದ. “ಏನಂದೆ?”

“ಬೇಡ. ಮೆಲ್ಲಗೆ ಹೇಳಿದ್ರೆ ಕೇಳೋದು, ದಬಾಯಿಸಿದ್ರೆ ಜಗ್ಗದೇ ಇರೋದು, ಈ ಕರಿದೇ ಸಾಕು ನಂಗೆ.”

“ಅಯ್ಯೋ, ಇವರ ಬಾಯಲ್ಲಿ ಬೇಡ ಅನ್ನೋ ಮಾತೂ ಇತ್ತಾ!” ಅಂದಳು ಅತ್ತೆ. “ಎಲ್ಲಿ ಬಚ್ಚಿಟ್ಟಿದ್ರಿ ಅಳಿಯಂದ್ರೇ?”

ಮರುದಿನ ಕರಿದನ್ನು ಹಾಕಿಸಿಕೊಂಡು, ಕುಂಡ ತುಂಬಿದ ಗಾಡಿ ಅದೇ ಗುಂಡಿಗೆ ಇಳಿಯಿತು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿದಳು. ಇವನೂ ಮುಚ್ಚುತ್ತಿದ್ದ, ಓಡಿಸುವವನಾದ್ದರಿಂದ ಆಗಲಿಲ್ಲ. ಸ್ಟೀರಿಂಗ್ ಗಂಟಲು ಸರಿಮಾಡಿಕೊಂಡವರಂತೆ ಒಮ್ಮೆ ಅಲುಗಿ ಸುಮ್ಮನಾಯಿತು. ಇಳಿಸುವಾಗ ಅತ್ತೆ ಒಂದೊಂದು ಕುಂಡವನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಒಂದಾದರೂ ಬಿರುಕಿನ ದನಿ ಹೊರಡಿಸಲಿಲ್ಲ, ಎಲ್ಲವೂ ಠಣ್ ಎಂದವು.

“ಮುಂದಿನ ಲೋಡೂ ನಿಮ್ಮದೇ,” ಅಂದಳು.

ಅಷ್ಟರಲ್ಲಿ ಷಡ್ಡಕನ ಫೋನು. “ತಮ್ಮಾ, ನಮ್ಮ ಹಳೇ ಬೀರು ಸಾಗಿಸ್ಬೇಕಿತ್ತು. ನನ್ನ ಗಾಡಿಗಾದ್ರೆ ಗೀರು ಬೀಳುತ್ತೆ. ನಿಂದು ತಗೊಂಬರ್ತೀಯಾ?”

“ಹೂಂ,” ಅಂದ ಅವನು.

ಅತ್ತೆ ಹಣೆ ಚಚ್ಚಿಕೊಂಡಳು. “ಗಾಡಿ ಕಾಯಿಲೆ ವಾಸಿಯಾಯ್ತು. ಇವರಿಗೆ ಹಾಕೋ ಸ್ಟೆಬಿಲೈಸರ್ ಯಾವ ಅಂಗಡೀಲಿ ಸಿಗುತ್ತೋ!”