ಇವರ ಪಾಲಿನ ಗುಳಿಗೆ

ಇಸ್ತ್ರಿಪೆಟ್ಟಿಗೆ ಜೇಬಿನ ಮೇಲೆ ಬಂದು ಎಡವಿತು, ಒಳಗೇನೋ ಗಟ್ಟಿಯಾಗಿದೆ, ಬಿಲ್ಲೋ ಟಿಕೆಟ್ಟೋ ನೆನೆದು ಒಣಗಿರಬೇಕು, ಒಗೆಯುವ ಮೊದಲು ಜೇಬು ತಡವಬೇಕು ಅಂತ ಇಷ್ಟು ವರ್ಷಕ್ಕೂ ಬುದ್ಧಿ ಬರಲಿಲ್ಲ ನನಗೆ, ಎರಡು ಬೆರಳು ಹಾಕಿ ಎಳೆದರೆ — ಗುಳಿಗೆ ಪಟ್ಟಿ. ಬೆಳ್ಳಿ ಹಾಳೆ, ಸಾಲಾಗಿ ಉಬ್ಬಿಕೊಂಡ ಗುಳಿಗೆಗಳು, ಒಂದನ್ನೂ ಒಡೆದಿಲ್ಲ. ಇವರ ಪಾಲಿನದು. ಮುಗಿಸಿದ್ರಾ ಅಂತ ನಾನು ಕೇಳಿದ್ದು, ಹೂಂ ಕಣೇ, ಎಲ್ಲ ನುಂಗಿ ನೀರು ಕುಡಿದಾಯ್ತು, ಇನ್ನೂ ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀಯ ಅಂತ ಇವರು ನಕ್ಕಿದ್ದು, ನಾನು ನಂಬಿ ದೀಪ ಆರಿಸಿದ್ದು, ಎಲ್ಲ ನಿನ್ನೆ — ಈ ಅಂಗಿ ಮೊನ್ನೆಯೇ ಒಗೆದದ್ದು, ಆಗಲೇ ಪಟ್ಟಿ ಇದರೊಳಗೆ ಹಾಯಾಗಿ ಮಲಗಿತ್ತು. ಇಬ್ಬರೂ ನುಂಗಬೇಕಮ್ಮ, ಒಬ್ಬರು ಬಿಟ್ಟರೆ ಮತ್ತೆ ನಿಮಗೇ ಅಂಟುತ್ತೆ, ಮುಗಿಯೋವರೆಗೂ ಹತ್ತಿರ ಸೇರಬೇಡಿ ಅಂದಿದ್ದರು ಡಾಕ್ಟರಮ್ಮ, ನನ್ನದು ನಾನು ನುಂಗಿದೆ, ಬಾಯೆಲ್ಲ ಕಹಿ, ಹೊಟ್ಟೆ ತೊಳೆಸಿ ಬಚ್ಚಲಲ್ಲಿ ಕೂತದ್ದೂ ನಾನೇ. ನನ್ನಿಂದ ಹೇಗೆ ಬರುತ್ತೆ, ನಾನು ಮುಂದೊಗಲ ಚರ್ಮ ತೆಗೆಸಿಕೊಂಡವನು, ಆಪರೇಷನ್ ಮಾಡಿದ ಸರ್ಜನ್ನೇ ಹೇಳಿದಾರೆ ಕಾಯಿಲೆ ಹತ್ತಲ್ಲ ಅಂತ, ಎಲ್ಲಿಂದ ತಂದೆ ಅಂತ ನೀನೇ ಯೋಚನೆ ಮಾಡು ಅಂದರು ಇವರು. ನಾನು ಎಲ್ಲಿಂದ ತರಲಿ, ಮನೆ ಬಿಟ್ಟರೆ ಹೊಲಿಗೆ ಅಂಗಡಿ, ಅಂಗಡಿ ಬಿಟ್ಟರೆ ಮನೆ, ಗುಂಡಿ ಜೊತೆ ಬಂತೇ, ನೂಲುಂಡೆ ಜೊತೆ ಬಂತೇ. ಸರ್ಜನ್ ಹೇಳುವಾಗ ನಾನೂ ಅಲ್ಲೇ ನಿಂತಿದ್ದೆ, ಹತ್ತಲ್ಲ ಅನ್ನಲಿಲ್ಲ, ಕೆಲವು ಕಾಯಿಲೆ ನಿಮಗೆ ಹತ್ತೋದು ಕಡಿಮೆಯಾಗುತ್ತೆ ಅಂದರು, ಕಡಿಮೆ ಅನ್ನೋದು ಇವರ ಕಿವಿಗೆ ಬೀಳಲೇ ಇಲ್ಲ, ಡಾಕ್ಟರಮ್ಮ ಇನ್ನೂ ಬಿಡಿಸಿ ಹೇಳಿದರು, ಅದು ಅವರಿಗಮ್ಮ, ಅವರಿಂದ ನಿಮಗೆ ಬರೋದನ್ನ ತಡೆಯುತ್ತೆ ಅಂತ ನಂಬಿ ಕೂರಬೇಡಿ, ಕಾಂಡೋಮ್ ಬಿಡಬೇಡಿ. ಬಿಟ್ಟವರು ಯಾರು.

ಚರ್ಮ ಬಿಗಿಯಾಗಿ ನೋಯುತ್ತೆ ಅಂತ ತಾನೇ ಆ ಆಪರೇಷನ್ನಿಗೆ ಹೋದದ್ದು, ಆಗ ಹೆದರಿ ನನ್ನ ಸೆರಗು ಹಿಡಿದುಕೊಂಡಿದ್ದರು, ಆಮೇಲೆ ಬಟ್ಟೆ ತಾಗಿದರೆ ಪ್ರಾಣ ಹೋಗುತ್ತೆ ಅಂತ ಗೋಳಾಡಿದಾಗ ತರಕಾರಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹೊದಿಕೆ ಹೊದಿಸಿದವಳು ನಾನು, ಇವರ ಅಣ್ಣ ಬಾಗಿಲಲ್ಲೇ ನಿಂತು, ಏನೋ ತಮ್ಮ, ಒಳಗೆ ಕೋಳಿ ಕಾವಿಗೆ ಕೂರಿಸಿದ್ದೀಯಾ ಅಂದಾಗ ಅತ್ತೆಯೂ ನಕ್ಕರು, ನಾನೂ ನಕ್ಕೆ. ಗಾಯ ಪೂರ್ತಿ ಒಣಗೋ ತನಕ ಹೆಂಡತಿ ಹತ್ತಿರ ಹೋಗಬಾರದು ಅಂದಿದ್ದಕ್ಕೆ ಎಷ್ಟು ವಿಧೇಯ, ಒಣಗಿದ್ದೇ ತಡ ಎದೆಯುಬ್ಬಿಸಿಕೊಂಡು ಊರೂರು ತಿರುಗಾಟ — ನೀರಿನ ಫಿಲ್ಟರ್ ಕೂರಿಸೋ ಕೆಲಸ, ಗಿರಾಕಿಗಳ ಮನೆಯಲ್ಲಿ ಏನು ಪಾಠ, ಮೇಡಂ, ಫಿಲ್ಟರ್ ಇದೆ ಅಂತ ಮೈಮರೀಬೇಡಿ, ತೊಳೀದಿದ್ರೆ ಅದರೊಳಗೇ ಹುಳ ಬೆಳೆಯುತ್ತೆ. ಮೇಡಂಗೆ ಹೇಳ್ತಾನೆ. ಬಂದು ನನ್ನ ಪಕ್ಕ ಮಲಗ್ತಾನೆ. ಇವನು, ಇವರು ಏನು ಬಂತು, ಇವನು — ಯಾವ ಊರಲ್ಲಿ ಯಾರ ಜೊತೆ ಅಂತ ನಾನು ಕೇಳಲೂ ಇಲ್ಲ, ಗುಳಿಗೆ ನುಂಗಿ ಸಾಕು ಅಂದೆ, ಅಷ್ಟೂ ಆಗಲಿಲ್ಲ ಇವನ ಕೈಲಿ, ನುಂಗಿದರೆ ಒಪ್ಪಿಕೊಂಡ ಹಾಗಲ್ಲವೇ, ಅದಕ್ಕೇ ಜೇಬಿಗೆ ಹಾಕಿದ, ಜೇಬನ್ನ ನನ್ನ ಕೈಗೇ ಒಗೆಯೋಕೆ ಕೊಟ್ಟ. ಏನೇ ಅದು, ಸೀದ ವಾಸನೆ. ಅತ್ತೆ. ಏನಿಲ್ಲ ಅತ್ತೆ, ಕಾವು ಜಾಸ್ತಿಯಾಯ್ತು. ಅಂಗಿಯ ತೋಳಿನ ಮೇಲೆ ಕಂದು ಗುರುತು, ಇರಲಿ, ಹಾಕಿಕೊಂಡು ಹೋಗಲಿ. ಅತ್ತೆಯ ಮಂಚದ ಪಕ್ಕ ಒಂದು ಚಾಪೆಗೆ ಜಾಗವಿದೆ, ದಿಂಬು ಅಲ್ಲಿಗೆ ಹೋಗುತ್ತೆ, ಸೊಂಟ ನೋವು ಅಂದರಾಯ್ತು, ನಾಳೆ ಅಂಗಡಿ ಬಾಗಿಲು ತೆಗೆಯುವ ಮೊದಲು ಡಾಕ್ಟರಮ್ಮನ ಹತ್ತಿರ, ರಕ್ತವನ್ನೂ ನೋಡಿಬಿಡಿ ಅಂತೀನಿ, ಎಲ್ಲಾ ನೋಡಿಬಿಡಿ, ಇವನಿಗೆ ಹೇಳೋದೇನೂ ಇಲ್ಲ, ಕೇಳೋದೂ ಇಲ್ಲ, ಆ ಮಂಚಕ್ಕೆ ನಾನಿನ್ನು ಇಲ್ಲ. ಪಟ್ಟಿಯನ್ನ ಇದ್ದ ಜೇಬಿಗೇ ಹಾಕಿ ಗುಂಡಿ ಹಾಕಿದೆ, ಅಂಗಿ ಮಡಿಸಿದೆ, ಅಂಗೈಯಲ್ಲಿ ಒತ್ತಿದೆ, ಬಟ್ಟೆಯ ಅಡಿಯಿಂದ ಒಂದೊಂದೂ ಕೈಗೆ ತಾಗುತ್ತೆ, ಉಬ್ಬಿಕೊಂಡು, ಸಾಲಾಗಿ, ಒಂದನ್ನೂ ಒಡೆದಿಲ್ಲ.