ಬಲಗಡೆಯ ಜೇಬು

ಪಿಸ್ತೂಲಿನ ಬೆನ್ನು, ಹಿಂದಕ್ಕೆ ಜಾರುವ ಅದರ ಮೇಲ್ಭಾಗ, ಅರ್ಧಕ್ಕೆ ಬಂದು ನಿಂತಿತು. ಆರ್ಫಾ ಟ್ಯಾಕೆಟ್ ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಬೆರಳಿನ ಗಂಟುಗಳಿಂದ ಹೊರಟ ನೋವು ಮೊಣಕೈವರೆಗೆ ಏರಿತು. ಉಕ್ಕು ಅವಳ ಹಿಡಿತ ತಪ್ಪಿಸಿಕೊಂಡು ಟಕ್ಕೆಂದು ಮುಂದಕ್ಕೆ ಹೋಗಿ ಮುಚ್ಚಿಕೊಂಡಿತು.

"ಅದೇನ್ ಹಸು ಕೆಚ್ಚಲಾ ಅತ್ಗೆ, ಹಂಗ್ ನೀವೋದಕ್ಕೆ?" ಎಂದ ಅವಳ ಗಂಡನ ತಮ್ಮ ಹೋಬರ್ಟ್. "ಎಡಗೈಲಿ ಬೆನ್ನನ್ನ ಬಿಗಿಯಾಗ್ ಹಿಡ್ಕೊ. ಬಲಗೈಲಿ ಹಿಡಿಕೆ ಮುಂದಕ್ ತಳ್ಳು."

"ತಳ್ತಾನೇ ಇದೀನಲ್ಲೋ. ನಿನ್ ನಾಲಿಗೇಲಿರೋ ಶಕ್ತಿ ನನ್ ಕೈಲಿದ್ದಿದ್ರೆ ನಿನ್ನ ಯಾಕ್ ಕರೀತಿದ್ದೆ?"

ಹೋಬರ್ಟ್ ನಗುತ್ತ ಪಿಸ್ತೂಲನ್ನು ತೆಗೆದುಕೊಂಡ. ಬೆನ್ನನ್ನು ಹಿಂದಕ್ಕೆಳೆದು ಬಿಟ್ಟ. ಬಾಗಿಲಿನ ಚಿಲಕ ತೆಗೆದಷ್ಟು ಸಲೀಸಾಗಿ ಗುಂಡು ನಳಿಗೆಗೆ ಏರಿತು. "ಈಗ ಇದಕ್ಕೆ ಜೀವ ಬಂತು. ಹೊಡೀಬೇಕು ಅನ್ನೋವರ್ಗೂ ಬೆರಳು ಕುದುರೆ ಮೇಲ್ ಇಡ್ಬೇಡ," ಎಂದು ಅವಳ ಕೈಗೆ ಕೊಟ್ಟ.

ಕಲ್ಲಿದ್ದಲಿನ ಕಂಪನಿಯವರು ಕೊರೆದು ಬಿಟ್ಟುಹೋದ ಗುಡ್ಡದ ನೆತ್ತಿ ಅದು. ಹಳ್ಳದ ಬದಿಯ ಜನವೆಲ್ಲ ಗುರಿ ಹೊಡೆಯುವುದು ಅಲ್ಲಿಯೇ. ಮಣ್ಣಿನ ಗೋಡೆಯ ಮುಂದೆ ಒಂದು ಮರದ ದಿಮ್ಮಿ, ದಿಮ್ಮಿಯ ಮೇಲೆ ಹೋಬರ್ಟ್ ಇಟ್ಟ ಕಾಫಿ ಡಬ್ಬ. ಆರ್ಫಾ ಉಸಿರು ಬಿಗಿಹಿಡಿದು ಬೆರಳು ಒತ್ತಿದಳು.

ಸದ್ದು ಅವಳೆಣಿಸಿದ್ದಕ್ಕಿಂತ ಚೂಪಾಗಿತ್ತು. ಹತ್ತಿಯಿಟ್ಟ ಕಿವಿಯನ್ನೂ ಅದು ಹೊಕ್ಕಿತು. ಅಂಗೈಗೆ ಯಾರೋ ಸುತ್ತಿಗೆಯಿಂದ ಬಡಿದಂತಾಯಿತು. ತೀರಿಹೋದ ಗಂಡ ಎಲ್ಬರ್ಟನ ಹಳೆಯ ರಿವಾಲ್ವರಿನಲ್ಲಿ ಅವಳು ಕೋಳಿಗೂಡಿಗೆ ನುಗ್ಗಿದ ಹಾವುಗಳನ್ನು ಎಷ್ಟೋ ಸಲ ಹೊಡೆದಿದ್ದಳು. ಅದು ಭಾರವಾದದ್ದು, ಕೈಯನ್ನು ನಿಧಾನವಾಗಿ ಮೇಲಕ್ಕೆತ್ತಿ ಸುಮ್ಮನಾಗುತ್ತಿತ್ತು. ಇದು ಅಂಗೈಯಗಲದ್ದು, ಹಗುರ, ಆದರೆ ಬಾಲ ಹಿಡಿದ ಇಲಿಯಂತೆ ಒದ್ದಾಡಿತು. ಬಿಸಿಬಿಸಿಯಾದ ಖಾಲಿ ತೋಟೆ ಎಗರಿ ಅವಳ ಕಾಲರಿನೊಳಗೆ ಬಿತ್ತು. ಅದನ್ನು ಕೊಡವಿಕೊಳ್ಳುವಾಗ ಅವಳು ಡಬ್ಬದ ಕಡೆ ನೋಡಿದಳು. ಡಬ್ಬ ಅಲುಗಿರಲಿಲ್ಲ.

"ಗುಡ್ಡಕ್ಕಂತೂ ತಗುಲ್ತು," ಎಂದ ಹೋಬರ್ಟ್. "ಇನ್ನೊಂದ್ ಹೊಡಿ."

ಮತ್ತೆ ಹೊಡೆದಳು. ಮೂರನೆಯ ಸಲ ಬೆರಳು ಒತ್ತಿದರೆ ಏನೂ ಆಗಲಿಲ್ಲ. ಖಾಲಿ ತೋಟೆಯೊಂದು ಹೊರಗೆ ಬೀಳದೆ, ಬಾಗಿಲ ಸಂದಿಗೆ ಸಿಕ್ಕಿದ ಬೆರಳಿನಂತೆ, ಪಿಸ್ತೂಲಿನ ಬೆನ್ನಿನಲ್ಲಿ ನೆಟ್ಟಗೆ ನಿಂತಿತ್ತು.

"ಹೊಸದೇ ಕೆಟ್ಟೋಯ್ತಲ್ಲೋ!"

"ಅದಕ್ಕೇನೂ ಆಗಿಲ್ಲ." ಹೋಬರ್ಟ್ ತೋಟೆಯನ್ನು ಕಿತ್ತು ಎಸೆದ. ಮುಂದಿನ ಮಾತಿಗೆ ಸ್ವಲ್ಪ ತಡವರಿಸಿದ. "ನಿನ್ ಮಣಿಕಟ್ಟು ಬಗ್ತಾ ಇದೆ ಅತ್ಗೆ. ಕೈ ಗಟ್ಟಿಯಾಗ್ ನಿಂತ್ರೆ ತಾನೆ ಅದು ಖಾಲಿದನ್ನ ಉಗಿದು ಹೊಸದನ್ನ ಎತ್ಕೊಳ್ಳೋದು? ನಿನಗೆ ಇದನ್ನ ಯಾರು ಕೊಟ್ರು?"

"ಅಂಗಡಿಯವ್ನು. ಹೆಂಗಸರಿಗೇ ಅಂತ ಮಾಡಿದ್ದು, ಚಿಕ್ಕದು, ಕೈಚೀಲಕ್ಕೂ ಹಿಡಿಯತ್ತೆ ಅಂದ."

"ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಒದೆಯೂ ಜಾಸ್ತಿ. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ನಡಿ, ಹಿಂದಕ್ಕೆ ಕೊಟ್ಟು ಒಂದು ರಿವಾಲ್ವರ್ ತರೋಣ. ಎಳಿಯೋದೂ ಬೇಡ, ಸಿಕ್ಕೊಳೋದೂ ಬೇಡ."

"ಅದರ ಹೆಸ್ರು ಎತ್ಬೇಡ ನನ್ ಮುಂದೆ."

ಹೋಬರ್ಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅಂಗಡಿಯಲ್ಲಿಯೂ ಅವಳು ಹೇಳಿದ್ದು ಅಷ್ಟೇ: ಆ ಆಕಾರದ್ದೊಂದು ಬೇಡ, ಬೇರೆ ಯಾವುದಾದರೂ ಕೊಡಿ. ಎಲ್ಬರ್ಟನ ರಿವಾಲ್ವರನ್ನು ಮಗಳು ಲೊರೀನಾಳ ಚೀಲಕ್ಕೆ ಹಾಕಿದ್ದವಳು ಅವಳೇ. ಗಂಡನ ಏಟು ತಿಂದು ಕಣ್ಣು ಊದಿಸಿಕೊಂಡು ಬಂದ ಮಗಳು ಮತ್ತೆ ಅವನ ಮನೆಗೇ ಹೊರಟಾಗ, ಇರಲಿ ಎಂದು ಕೊಟ್ಟಿದ್ದಳು. ಅಳಿಯ ರಾಯ್ಸ್ ಅದನ್ನು ಹೆಂಡತಿಯ ಕೈಯಿಂದ ಕಿತ್ತುಕೊಂಡ; ಅದರ ಗುಂಡಿಗೇ ಅವಳು ಸತ್ತಳು. ಎಳೆದಾಟದಲ್ಲಿ ತಾನಾಗಿ ಹಾರಿತು ಎಂದು ನ್ಯಾಯಾಲಯದಲ್ಲಿ ಹೇಳಿದ. ವಿಚಾರಣೆ ಮುಗಿಯುವವರೆಗೆ ಎಂದು ಜಾಮೀನು ಸಿಕ್ಕಿತು. ಹೊರಗೆ ಬಂದವನೇ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳಿಸುವಂತೆ, "ನನ್ ಮಗೂನ ಕರ್ಕೊಂಡ್ ಹೋಗೋಕೆ ಬರ್ತೀನಿ ಅಂತ ಆ ಮುದುಕಿಗೆ ಹೇಳಿ," ಎಂದಿದ್ದ. ಆಮೇಲೆ ಅವನ ಟ್ರಕ್ಕು ಸೇತುವೆಯ ಹತ್ತಿರ ಸುಮ್ಮನೆ ನಿಂತಿದ್ದನ್ನು ಆರ್ಫಾ ತಾನೇ ನೋಡಿದ್ದಳು. ಶೆರಿಫನ ಕಚೇರಿಗೆ ಫೋನ್ ಮಾಡಿದರೆ, ರಸ್ತೆಯಲ್ಲಿ ನಿಲ್ಲುವುದು ಅಪರಾಧವಲ್ಲ ತಾಯಿ ಎಂದರು.

"ಹೋದ್ ವರ್ಷ ಚರ್ಚಲ್ಲಿ ಒಬ್ರ ಕಾಲು ಇನ್ನೊಬ್ರು ತೊಳೆಯೋ ಭಾನುವಾರ," ಎಂದ ಹೋಬರ್ಟ್ ತನ್ನ ಬೂಟು ನೋಡುತ್ತ, "ನನ್ ಮುಂದೆ ಮಂಡಿಯೂರಿದ್ದು ಅವನೇ. ಬೆರಳ ಸಂದಿ ಬಿಡದ ಹಂಗೆ ತೊಳ್ದ. ಅಳ್ತಾ ತೊಳ್ದ ಅತ್ಗೆ. ಇಡೀ ಚರ್ಚು ಅತ್ತಿತು."

"ಗೊತ್ತು. ಆ ಟವೆಲ್ ಒಗೆದವಳು ನಾನೇ."

ಅವಳು ಏಪ್ರನ್ನಿನ ಬಲಗಡೆಯ ಜೇಬಿಗೆ ಕೈಹಾಕಿದಳು. ಅಡುಗೆಮನೆಯಿಂದ ಹಾಗೇ ಎದ್ದು ಬಂದಿದ್ದಳು. ಜೇಬಿನಲ್ಲಿ ಎಂದಿನಂತೆ ಮೊಮ್ಮಗಳು ಟ್ವೈಲಾಳಿಗೆಂದು ಇಟ್ಟ ಪೆಪ್ಪರಮೆಂಟುಗಳಿದ್ದವು. ಒಂದನ್ನು ಹೋಬರ್ಟನಿಗೆ ಕೊಟ್ಟಳು.

"ಟ್ವೈಲಾದನ್ನ ನಾನ್ ತಿಂದ್ರೆ ನನ್ನ ಬಿಡ್ತಾಳಾ ಅವ್ಳು?" ಎಂದು ಅವನು ಬಾಯಿಗೆ ಹಾಕಿಕೊಂಡ. "ನಮ್ಮನೇಗೇ ಬಂದ್ಬಿಡಿ, ಇಬ್ರೂ."

"ಅವನಿಗೆ ನಿನ್ನ ಮನೆ ದಾರಿ ಗೊತ್ತಿಲ್ವಾ? ಹಾಸಿಗೆ ಬಿಟ್ಟು ಏಳೋಕಾಗದೆ ಇರೋ ನಿನ್ ಹೆಂಡ್ತಿ ಮುಂದೆ ಇದೆಲ್ಲ ನಡೀಬೇಕಾ?"

ಹೋಬರ್ಟ್ ಪಿಸ್ತೂಲನ್ನು ಮತ್ತೆ ಅವಳ ಕೈಗೆ ಕೊಟ್ಟ.

ಮತ್ತೆ ಪ್ರಯತ್ನಿಸಿದರು. ಬೆನ್ನನ್ನು ಸೊಂಟದ ಪಟ್ಟಿಗೆ ಆನಿಸಿ ಎಳೆದು ನೋಡಿದಳು. ಚರ್ಮದ ತುಂಡು ಸುತ್ತಿ ಎಳೆದು ನೋಡಿದಳು. ಒಂದು ಸಲ ಉಕ್ಕು ಹೆಬ್ಬೆರಳ ಸಂದಿಯ ಚರ್ಮವನ್ನು ಕಚ್ಚಿ ರಕ್ತ ಬಂತು. "ದೇವರೇ, ಇಷ್ಟೇ ಇಷ್ಟು," ಎಂದು ಅವಳು ಗಟ್ಟಿಯಾಗಿಯೇ ಬೇಡಿದಳು. "ಇಷ್ಟೇ ಇಷ್ಟು ಶಕ್ತಿ ಕೊಡು." ಬೆನ್ನು ಅರ್ಧಕ್ಕೆ ಬಂದು ನಿಂತಿತು.

ಕೊನೆಗೆ ಹೋಬರ್ಟ್ ಅದನ್ನು ಅವಳಿಂದ ತೆಗೆದುಕೊಂಡ. "ಇನ್ನುಳಿದಿರೋದು ಒಂದೇ ದಾರಿ. ನಾನೇ ಗುಂಡು ಏರಿಸಿ ಕೊಡ್ತೀನಿ. ಏರಿಸಿದ್ ಹಂಗೇ ಇರ್ಲಿ. ಒಂದು ಹೊಡೆತಕ್ಕಂತೂ ಆಗತ್ತೆ."

"ಮಗು ಇರೋ ಮನೇಲಿ ನಳಿಗೆ ಖಾಲಿ ಇರ್ಬೇಕು. ಎಲ್ಬರ್ಟ್ ಊಟಕ್ಕೆ ಕೂರೋಕ್ ಮುಂಚೆ ಪ್ರಾರ್ಥನೆ ಥರ ಹೇಳ್ತಿದ್ದ."

"ಗೊತ್ತು."

"ನೀನೂ ನಿನ್ ಮಕ್ಕಳಿಗೆ ಹಂಗೇ ಹೇಳಿ ಬೆಳೆಸ್ದೆ."

"ಗೊತ್ತು ಅತ್ಗೆ. ಬೀಗದ ಪೆಟ್ಟಿಗೇಲಿ ಇಡು."

"ಈ ಬೆರಳಲ್ಲಿ ನಾನು ಬೀಗ ತೆಗಿಯೋವರ್ಗೂ ಅವ್ನು ಹೊಸಿಲ ಹೊರಗೆ ಕಾಯ್ತಾನಾ?"

ಗಾಳಿಗೆ ದಿಮ್ಮಿಯ ಮೇಲಿನ ಡಬ್ಬ ಉರುಳಿ ಬಿತ್ತು. ಇಬ್ಬರೂ ಬೆಚ್ಚಿ ಆ ಕಡೆ ತಿರುಗಿದರು. ಆಮೇಲೆ ಆರ್ಫಾ ಕೈ ಚಾಚಿದಳು.

"ಏರಿಸು. ಎಲ್ಲೂ ಇಡಲ್ಲ. ನನ್ ಮೈಮೇಲೇ ಇರ್ಲಿ."

ಹೋಬರ್ಟನ ಹೆಂಡತಿಯ ಮಂಚದ ಪಕ್ಕದಲ್ಲಿ ಆಡುತ್ತಿದ್ದ ಟ್ವೈಲಾಳನ್ನು ಕರೆದುಕೊಂಡು ಅವಳು ಮನೆಗೆ ಬರುವಾಗ ಇನ್ನೂ ಬಿಸಿಲಿತ್ತು. ಮಗುವನ್ನು ಎಡಗಡೆಯೇ ನಡೆಸಿಕೊಂಡು ಬಂದಳು. ಸೇತುವೆಯ ಬಳಿ ಟ್ರಕ್ಕು ಇರಲಿಲ್ಲ. ಇಲ್ಲದಿರುವುದು ಅವಳಿಗೆ ಇನ್ನಷ್ಟು ಹೆದರಿಕೆ ತಂದಿತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು. ಮೆಕ್ಕೆಜೋಳದ ರೊಟ್ಟಿಯ ಬಾಣಲೆಯನ್ನು ಓವನ್ನಿಗೆ ತಳ್ಳಿ, ಅವಳು ಬಾಗಿಲು ಕಾಣುವಂತೆ ತೂಗುಕುರ್ಚಿಯನ್ನು ತಿರುಗಿಸಿ ಕುಳಿತಳು. ಜೇಬಿನಲ್ಲಿದ್ದ ಪಿಸ್ತೂಲಿನ ಭಾರಕ್ಕೆ ಏಪ್ರನ್ನಿನ ಬಟ್ಟೆ ಬಲಗಡೆಗೆ ಜಗ್ಗಿತು. ಎಡಗೈಯಿಂದ ಹೊಡೆಯುವುದು ಅವಳಿಗೆ ಬಾರದು. ಹಾಗಾಗಿ ಪೆಪ್ಪರಮೆಂಟುಗಳನ್ನು ಎಡಗಡೆಯ ಜೇಬಿಗೆ ಬದಲಾಯಿಸಿದ್ದಳು.

ಟ್ವೈಲಾ ಹಿತ್ತಲಿಂದ ಓಡಿ ಬಂದಳು. ತಾಯಿ ಸತ್ತ ಮೇಲೆ ಮಗು ಸಂಜೆ ಅಜ್ಜಿಯ ತೊಡೆಯೇರದೆ ಊಟ ಮುಟ್ಟುತ್ತಿರಲಿಲ್ಲ. ಎಂದಿನಂತೆ ಒಂದು ಕಾಲು ಕುರ್ಚಿಯ ಮೇಲಿಟ್ಟು, ನೋಡದೆಯೇ, ಬಲಗಡೆಯ ಜೇಬಿಗೆ ಕೈಹಾಕಲು ಹೋದಳು.

ಆರ್ಫಾ ಅವಳ ಮಣಿಕಟ್ಟನ್ನು ಹಿಡಿದುಬಿಟ್ಟಳು. ಬೆಳಗಿನಿಂದ ಅವಳ ಬೆರಳುಗಳಿಗೆ ಬಾರದ ಶಕ್ತಿ ಆಗ ಬಂದಿತ್ತು.

"ಅಜ್ಜೀ, ನೋಯತ್ತೆ!"

ಅವಳು ಬಿಟ್ಟಳು. ಮಗುವಿನ ಕೈಯ ಮೇಲೆ ಅವಳ ಬೆರಳುಗಳು ಬಿಳಿಯಾಗಿ ಮೂಡಿ, ನಿಧಾನವಾಗಿ ಕೆಂಪಾದವು.

"ಅಲ್ಲಿ ಕೈ ಹಾಕ್ಬಾರ್ದು ಚಿನ್ನ. ಇನ್ಮೇಲೆ ಯಾವತ್ತೂ ಹಾಕ್ಬಾರ್ದು. ಅಜ್ಜೀನೇ ಕೊಡ್ತೀನಿ."

"ತೊಡೆ ಮೇಲೆ?"

"ಇವತ್ ಬೇಡ."

"ನಾಳೆ?"

ರಸ್ತೆಯಲ್ಲಿ ಒಂದು ಗಾಡಿ ಬರುವ ಸದ್ದಾಯಿತು. ಆರ್ಫಾಳ ಬಲಗೈ ಜೇಬಿನ ಮೇಲೆ ಹೋಗಿ ಕುಳಿತಿತು. ಸದ್ದು ಹತ್ತಿರವಾಗಿ, ಮನೆಯ ಮುಂದೆ ಹಾದು, ತಿರುವಿನಾಚೆ ಇಳಿಯಿತು. ಅವಳು ಎಡಗೈಯಿಂದ ಒಂದು ಪೆಪ್ಪರಮೆಂಟು ತೆಗೆದು ಮೇಜಿನ ಮೇಲಿಟ್ಟು ಮಗುವಿನ ಕಡೆಗೆ ತಳ್ಳಿದಳು.

ಟ್ವೈಲಾ ಅದನ್ನು ನೋಡಿದಳು, ಅಜ್ಜಿಯ ಜೇಬನ್ನು ನೋಡಿದಳು. ಆಮೇಲೆ ಹೋಗಿ, ಗೋಡೆಯ ಹತ್ತಿರ, ತನ್ನ ತಾಯಿ ಕೂರುತ್ತಿದ್ದ ಕುರ್ಚಿ ಹತ್ತಿ ಕೈಕಟ್ಟಿ ಕುಳಿತಳು. ರೊಟ್ಟಿಯ ಅಂಚು ಕರಕಲಾಗುತ್ತಿರುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಕಾಗದ ಬಿಚ್ಚದ ಪೆಪ್ಪರಮೆಂಟು ಮೇಜಿನ ಮೇಲೆ ಹಾಗೇ ಇತ್ತು.