ಅಲುಗಾಟ ನಿಂತ ಮೇಲೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಬಲೆಗಾರ ಎಂದೇ ಕರೆಯುತ್ತಿದ್ದರು. ಮೀನು ಹಿಡಿಯುವ ಬಲೆಯಲ್ಲ. ನೆಲವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಹೆಣೆದು, ಭೂಕಂಪವಾದಾಗ ಮಣ್ಣಿನ ಕಣಗಳ ಸಂದಿಯಲ್ಲಿ ನೀರು ಎಷ್ಟು ಒತ್ತುತ್ತದೆ, ಎತ್ತ ಜಿನುಗುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಒತ್ತಡ ಮಿತಿ ಮೀರಿದರೆ ಗಟ್ಟಿ ನೆಲವೂ ಕೆಸರಿನಂತೆ ಹರಿಯುತ್ತದೆ. ಇದನ್ನು ಹೇಳಿ ಹೇಳಿ ಅವನು ಮನೆಯವರ ತಲೆ ತಿಂದಿದ್ದ.

ತಿನ್ನಲು ತಲೆ ಕೊಡದವರೆಂದರೆ ಅಕ್ಕನ ಗಂಡ, ಭಾವ ಒಬ್ಬರೇ. ಅವರು ಹೊಲಿಗೆಯವರು, ಮನೆಯ ಮುಂದಿನ ಕೋಣೆಯೇ ಅಂಗಡಿ. "ಅಲ್ಲಪ್ಪಾ, ಕಂಪ್ಯೂಟರ್ ಒಳಗೆ ಅಷ್ಟೊಂದು ನೀರು ಹರಿಸ್ತೀಯಲ್ಲ, ಟೇಬಲ್ ಒದ್ದೆ ಆಗಲ್ವಾ?" ಎಂದು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳುವರು. ಎಲ್ಲರೂ ನಗುವರು. ಅವನೂ ನಗುವನು, ಒಳಗೊಳಗೇ ಮಾತ್ರ ಉರಿಯುತ್ತಿತ್ತು. ಒಂದು ಸಲವಾದರೂ ಈ ಮನುಷ್ಯ ತನ್ನ ವಿದ್ಯೆಗೆ ಬೆಲೆ ಕೊಟ್ಟು ಏನಾದರೂ ಕೇಳಬೇಕು ಎಂಬ ಆಸೆ ಅವನದು. ಆಸೆ ದೊಡ್ಡದೇನಲ್ಲ. ಈಡೇರಿದ ರೀತಿ ಮಾತ್ರ ಶತ್ರುವಿಗೂ ಬೇಡ.

ಅಕ್ಕನ ಬೀದಿಯ ಬೆನ್ನಿಗೇ ಒಂದು ದಿಬ್ಬ. ಎಂದೋ ನದಿ ತಂದು ಸುರಿದ ಮರಳು, ಒಳಗೆಲ್ಲ ನೀರು. ಭೂಕಂಪವಾದರೆ ಇದು ನಿಲ್ಲುತ್ತದೆಯೇ ನೋಡಿ ಎಂದು ನಗರಸಭೆಯವರು ಕೇಳಿದಾಗ ಲೆಕ್ಕ ಅವನ ಪಾಲಿಗೇ ಬಂತು. ಮರಳಿನ ನಡುವೆ ಬೆರಳು ದಪ್ಪದ ಜೇಡಿಮಣ್ಣಿನ ಪದರವೊಂದಿತ್ತು. ಅದನ್ನು ಇದ್ದ ಹಾಗೆ ಬಲೆಯಲ್ಲಿ ಕೂರಿಸಲು ಹೋದರೆ ಚೌಕಗಳು ತೀರ ಚಿಕ್ಕವಾಗಿ, ಲೆಕ್ಕ ದಿನಗಟ್ಟಲೆ ತೆವಳಿ ನಡುವೆಯೇ ಕೈಕೊಡುತ್ತಿತ್ತು. ಆದ್ದರಿಂದ ಪದರವನ್ನು ಅಕ್ಕಪಕ್ಕದ ಮರಳಿನ ಜೊತೆ ಸೇರಿಸಿ ಸರಾಸರಿ ತೆಗೆದುಬಿಟ್ಟ. ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು. ಇನ್ನೊಂದು ರೂಢಿಯೂ ಇತ್ತು: ಅಲುಗಾಟ ಮುಗಿದ ಕೂಡಲೇ ಲೆಕ್ಕವನ್ನೂ ನಿಲ್ಲಿಸುವುದು. ಆಮೇಲೆ ನೀರು ತಾನಾಗಿ ಸೋರಿ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಅದರಲ್ಲಿ ನೋಡುವುದೇನಿದೆ? ಪರದೆಯ ಮೇಲೆ ದಿಬ್ಬ ನಡುಗಿ, ಒಂದಿಷ್ಟು ಸರಿದು, ನಿಂತಿತು. ಅವನೂ ಮೈಮುರಿದು ಎದ್ದ.

ಭೂಕಂಪ ಬಂದದ್ದು ಹಾಡಹಗಲು. ದೂರದ ಅವನ ಆಫೀಸಿನಲ್ಲಿ ಕಿಟಕಿಯ ಗಾಜು ಗಲಗುಟ್ಟಿತು, ಅಷ್ಟೇ. ಮನೆಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಅಕ್ಕನದೇ ಬಂತು.

"ನಾವೆಲ್ಲ ಬೀದೀಲಿ ನಿಂತಿದ್ದೀವಿ ಕಣೋ. ಯಾರಿಗೂ ಏನೂ ಆಗಿಲ್ಲ. ತಾಳು, ಇವರು ಮಾತಾಡ್ತಾರಂತೆ."

ಭಾವನ ದನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. "ಏನಪ್ಪಾ, ಹಿಂದಿನ ದಿಬ್ಬದ ಲೆಕ್ಕ ನೀನೇ ತಾನೇ ಮಾಡಿದ್ದು? ಒಳಗೆ ಹೋಗಬಹುದಾ? ಇಲ್ಲಿ ಯಾರಿಗೂ ಧೈರ್ಯ ಬರ್ತಿಲ್ಲ. ನನಗೂ ಅಷ್ಟೇ. ನೀನು ಹೇಳಿದ್ರೆ ಹೋಗ್ತೀನಿ."

ನೀನು ಹೇಳಿದರೆ! ಮುಚ್ಚಿಟ್ಟು ಫಲವಿಲ್ಲ, ಅಂಥ ಹೊತ್ತಿನಲ್ಲೂ ಅವನಿಗೆ ಖುಷಿಯಾಯಿತು. "ಧಾರಾಳವಾಗಿ ಹೋಗಿ ಭಾವ. ಅಲುಗಾಡೋವಾಗ ಬೀಳದ್ದು ನಿಂತ ಮೇಲೆ ಬೀಳುತ್ತಾ?"

"ಸರಿ ಹಾಗಾದ್ರೆ," ಎಂದು ಭಾವ ಒಳಗೆ ಹೋದರು. ಅಕ್ಕ ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತ ಬೀದಿಯಲ್ಲೇ ಉಳಿದಳು. ಅರ್ಧ ಗಂಟೆ ಕಳೆದಿರಬಹುದು. ನೆಲ ಮತ್ತೆ ಅಲುಗಲೂ ಇಲ್ಲ. ದಿಬ್ಬ ಸುಮ್ಮನೆ ಜಾರಿ ಬಂದು ಮನೆಗಳ ಮೇಲೆ ಕೂತಿತು. ಒಳಗೆ ಹೋಗಿದ್ದವರು ಇಡೀ ಬೀದಿಯಲ್ಲಿ ಭಾವ ಒಬ್ಬರೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಭಾವನನ್ನು ಕಳೆದುಕೊಂಡ ಮೇಲೆ ಅವನು ಆ ತೆಳು ಪದರವನ್ನು ಬಲೆಯಲ್ಲಿ ಸರಿಯಾಗಿ ಕೂರಿಸಿದ. ಲೆಕ್ಕ ತೆವಳಿತು, ಕೈಕೊಟ್ಟಿತು, ಮತ್ತೆ ಶುರು ಮಾಡಿದ. ಈ ಸಲ ಅಲುಗಾಟ ನಿಂತರೂ ನಿಲ್ಲಿಸಲಿಲ್ಲ. ಮರಳು ಕೆಳಗೆ ಕೂರುತ್ತ ಹೋದಂತೆ ನೀರು ಮೇಲೇರಿತು. ಏರಿ, ಜೇಡಿಮಣ್ಣು ದಾಟಲಾರದೆ ಅದರ ಅಡಿಯಲ್ಲೇ ಹಾಳೆಯಂತೆ ಹರಡಿಕೊಂಡಿತು. ನೀರಿನ ಹಾಳೆಯ ಮೇಲೆ ಕೂತ ದಿಬ್ಬ ಎಷ್ಟು ಹೊತ್ತು ನಿಂತೀತು? ಪರದೆಯ ಮೇಲೆ ಅದು ಜಾರುವುದನ್ನು ಅವನು ಕಣ್ಣಾರೆ ನೋಡಿದ. "ನಾನಿದ್ರೂ ಹಾಗೇ ಮಾಡ್ತಿದ್ದೆ, ತಲೆ ಕೆಡಿಸ್ಕೋಬೇಡ," ಎಂದರು ಹಿರಿಯ ಇಂಜಿನಿಯರು. ಅದರಿಂದ ಅವನಿಗೆ ನಯಾಪೈಸೆಯ ಸಮಾಧಾನವೂ ಸಿಗಲಿಲ್ಲ.

ಅಕ್ಕ ಈಗ ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದಳು. ಅವನು ಹೋದಾಗ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಮ್ಮ ಬಂದನೆಂದು ಮುಖ ಅರಳಿತು. ಕೂತವನೇ ಎಲ್ಲವನ್ನೂ ಹೇಳಿಬಿಟ್ಟ.

"ಅಂದ್ರೆ, ಮೊದಲೇ ಕಾಣ್ತಿತ್ತಾ?" ಎಂದಳು ಅಕ್ಕ.

"ಪದರ ಹಾಕಿ, ನಿಲ್ಲಿಸ್ದೆ ಬಿಟ್ಟಿದ್ರೆ ಕಾಣ್ತಿತ್ತು."

"ಯಾಕೆ ಬಿಡ್ಲಿಲ್ಲ?"

"ಯಾರೂ ಬಿಡಲ್ಲ ಅಕ್ಕ. ರೂಢಿ."

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ನಿನಗೆ ಗೊತ್ತಾಗೋ ಹಾಗೇ ಇರಲಿಲ್ಲ ಅಂದ್ಕೊಂಡಿದ್ದೆ. ಅದೊಂದನ್ನ ಹಿಡ್ಕೊಂಡು ನಿನ್ನ ಮುಖ ನೋಡ್ತಿದ್ದೆ ಕಣೋ. ಅದನ್ನೂ ಕಿತ್ಕೊಂಡ್ಯಲ್ಲ."

"ಮನಸ್ಸು ತಡೀಲಿಲ್ಲ ಅಕ್ಕ."

"ನಿನ್ನ ಮನಸ್ಸು ಹಗುರ ಆಯ್ತಲ್ಲ, ಸಾಕು. ಈಗ ಹೋಗು. ನಾನೇ ಕರೆಯೋವರೆಗೂ ಬರಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಜ ಹೇಳಿದರೆ ಅಕ್ಕ ಬೈದಾಳು, ಅತ್ತಾಳು, ಕೊನೆಗೆ ಹೊಟ್ಟೆಗೆ ಹಾಕಿಕೊಂಡಾಳು ಎಂದು ಅವನು ನಂಬಿ ಬಂದಿದ್ದ. ಅವಳ ಬಳಿ ಉಳಿದಿದ್ದ ಒಬ್ಬ ತಮ್ಮನನ್ನೂ ತಾನೇ ಕಸಿದುಕೊಂಡೆನೆಂದು ಚಪ್ಪಲಿ ಹಾಕಿಕೊಳ್ಳುವಾಗ ಹೊಳೆಯಿತು.

ಮೆಟ್ಟಿಲಲ್ಲಿ ಹಳೆಯ ಬೀದಿಯ ಹೆಂಗಸೊಬ್ಬರು ಎದುರಾದರು, ಅಕ್ಕನನ್ನು ನೋಡಲು ಬಂದವರು. ಕೈಗಂಬಿ ಹಿಡಿದು ಏದುಸಿರು ಬಿಡುತ್ತ ನಿಂತರು.

"ನೀನು ಅವಳ ತಮ್ಮ ಅಲ್ವೇನಪ್ಪಾ? ಪಾಪ, ನಿಮ್ಮ ಭಾವ ಎಂಥಾ ಹಟಮಾರಿ ನೋಡು. ನೀನು ಫೋನಲ್ಲಿ ಬೇಡ ಬೇಡ ಅಂತ ಬಡ್ಕೊಂಡ್ರೂ ಕೇಳದೆ ಒಳಗೆ ಹೋದ್ರಂತಲ್ಲ? ನಿಮ್ಮಕ್ಕ ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ಅಳ್ತಾಳೆ."

ಅವನು ಬಾಯಿ ತೆರೆದ. ಈಗ ನಿಜ ಹೇಳಿದರೆ ಇಡೀ ಬೀದಿಯ ಮುಂದೆ ಅಕ್ಕ ಸುಳ್ಳಿಯಾಗುತ್ತಾಳೆ.

"ಹೂಂ ಅಮ್ಮ," ಎಂದ. "ಭಾವನಿಗೆ ಹಟ ಜಾಸ್ತಿ. ನನ್ನ ಮಾತು ಕೇಳಲಿಲ್ಲ."